ಮಂಚೇನಹಳ್ಳಿಗೆ ಹೋಗೋಕೆ ಅಲ್ಯೂಮಿನಿಯಂ ಡಬ್ಬ ಯಾಕೆ?

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಈ ಸೆಮಿಸ್ಟರ್ ಡಬ್ಬ ಹೊತ್ತ ಬೈಕುಗಳು ಜಾಸ್ತಿಯಾಗಿವೆ. ಪಕ್ಕಕ್ಕೆ ಎರಡು, ಹಿಂದಕ್ಕೊಂದು. ನೋಡೋಕೆ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ನಾವು ನಿಜವಾಗಿ ಹೋಗೋದು ಎಲ್ಲಿಗೆ? ಶನಿವಾರ ಬೆಳಿಗ್ಗೆ ಚಿಕ್ಕಬಳ್ಳಾಪುರ, ಅಲ್ಲಿಂದ ಮಂಚೇನಹಳ್ಳಿ ಮೇಲೆ ಗೌರಿಬಿದನೂರು, ವಿದುರಾಶ್ವತ್ಥ. ಭಾನುವಾರ ಸಂಜೆ ವಾಪಸ್, ಸೋಮವಾರ ಇಂಟರ್ನಲ್ಸ್. ಇದಕ್ಕೆ ಎರಡು ಟೀ ಶರ್ಟು, ಒಂದು ರೇನ್‌ಕೋಟು, ಚಾರ್ಜರ್ ಸಾಕು. ಪಕ್ಕದ ಗಟ್ಟಿ ಡಬ್ಬ ಬೇಡವೇ ಬೇಡ ಅನ್ನೋದು ನಮ್ಮ ಅಭಿಪ್ರಾಯ.

ಮಂಚೇನಹಳ್ಳಿ ಕಡೆ ಬೈಕಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವರನ್ನು ಗಮನಿಸಿ. 40 ಲೀಟರ್ ಕ್ಯಾನ್ ತುಂಬಿದರೆ ಹಾಲೇ 41 ಕೆಜಿ ತೂಗುತ್ತೆ. ಆದರೂ ಗಾಡಿ ನೆಟ್ಟಗೆ ಹೋಗುತ್ತೆ. ಯಾಕಂದ್ರೆ ಎರಡೂ ಕಡೆ ಭಾರ ಸಮ, ಭಾರ ಕೆಳಗಿದೆ, ಮತ್ತೆ ಅವರ ವೇಗ ನಮ್ಮ ವೇಗ ಅಲ್ಲ. ನಾವು ಮಾಡೋದು ಉಲ್ಟಾ. ಸೈಲೆನ್ಸರ್ ಇರೋ ಕಡೆಯ ಡಬ್ಬ ಚಿಕ್ಕದು, ಇನ್ನೊಂದು ದೊಡ್ಡದು, ಟೂಲ್ಸು ನೀರು ಎಲ್ಲಾ ದೊಡ್ಡದಕ್ಕೇ ತುಂಬ್ತೀವಿ. ಫಸ್ಟ್ ಇಯರ್ ಮೆಕ್ಯಾನಿಕ್ಸ್ ಸ್ವಲ್ಪ ನೆನಪು ಮಾಡ್ಕೊಳ್ಳಿ. ಬೈಕು, ಸವಾರ ಸೇರಿ 270 ಕೆಜಿ ಅಂತಿಟ್ಟುಕೊಂಡು, ಒಂದೇ ಕಡೆ 10 ಕೆಜಿ ಹೆಚ್ಚಿಗೆ, ಮಧ್ಯದಿಂದ 40 ಸೆಂ.ಮೀ. ದೂರದಲ್ಲಿ ಹಾಕಿದರೆ, ನೇರ ರಸ್ತೆಯಲ್ಲೂ ಬೈಕು ಇಡೀ ದಾರಿ ಒಂದು ಡಿಗ್ರಿಗಿಂತ ಹೆಚ್ಚು ವಾಲಿಕೊಂಡೇ ಓಡಬೇಕು. ಒಂದು ಡಿಗ್ರಿ ತಾನೇ ಅನ್ನಿಸುತ್ತೆ. ಲಾರಿ ಪಕ್ಕದಿಂದ ಗಾಳಿ ಹೊಡೆದಾಗ, ಕಣ್ಣಿಗೆ ಬೀಳದ ಹಂಪ್ ಸಿಕ್ಕಾಗ ಹಾಗನ್ನಿಸಲ್ಲ.

ಇನ್ನು ಅಗಲ. ಹ್ಯಾಂಡಲ್ ತೂರಿದರೆ ಬೈಕು ತೂರುತ್ತೆ ಅನ್ನೋದು ನಮ್ಮ ಕಣ್ಣಿಗೆ ಅಂಟಿರೋ ಅಭ್ಯಾಸ. ಡಬ್ಬ ಹ್ಯಾಂಡಲ್‌ಗಿಂತ ಅಗಲ ಇದ್ದರೆ ಆ ಅಂದಾಜು ಕೈಕೊಡುತ್ತೆ. ಊರೊಳಗೆ ಆಟೋ, ಟ್ರ್ಯಾಕ್ಟರ್ ನಡುವೆ ಡಬ್ಬದ ಮೂಲೆ ತಾಗೋದು ನಡೆದು ಹೋಗ್ತಿರೋ ಯಾರದೋ ಮೊಣಕಾಲಿಗೆ. ಕೆಸರಲ್ಲಿ ಕಾಲು ಊರಿ ತಳ್ಳುವಾಗ ಅದೇ ಡಬ್ಬ ನಮ್ಮ ಮೀನಖಂಡಕ್ಕೆ ಹಿಂದಿನಿಂದ ಬಡಿಯುತ್ತೆ. ಬಿದ್ದರೆ ಕಾಲು ಅದರಡಿಗೆ ಸಿಕ್ಕಿಕೊಳ್ಳುವ ಸಾಧ್ಯತೆಯೂ ಇದೆ. ಬಟ್ಟೆ ಬ್ಯಾಗಾದರೆ ಸ್ವಲ್ಪವಾದರೂ ಅದುಮುತ್ತೆ.

ಇನ್ನೊಂದು ವಿಷಯ, ಇದನ್ನ ಯಾವ ಯೂಟ್ಯೂಬ್ ರಿವ್ಯೂನಲ್ಲೂ ನಾವು ಕೇಳಿಲ್ಲ. ಪಕ್ಕದ ರ್‍ಯಾಕ್ ಹಾಕೋಕೆ ಎಷ್ಟೋ ಬೈಕುಗಳಲ್ಲಿ ಸೀರೆ ಗಾರ್ಡ್ ಬಿಚ್ಚಬೇಕು. ಟ್ರಿಪ್ ಮುಗಿದ ಮೇಲೆ ಅದನ್ನ ವಾಪಸ್ ಹಾಕೋರು ಎಷ್ಟು ಜನ? ಊರಿಗೆ ಹೋದಾಗ ಅದೇ ಬೈಕಿನ ಹಿಂದೆ ಅಮ್ಮ ಕೂರ್ತಾರೆ.

ಗಟ್ಟಿ ಡಬ್ಬಕ್ಕೆ ಅದರದ್ದೇ ಗುಣ ಇದೆ, ಇಲ್ಲ ಅನ್ನಲ್ಲ. ಬೀಗ ಹಾಕಬಹುದು, ಮಳೆ ಒಳಗೆ ಬರಲ್ಲ, ತಿಂಡಿಗೆ ನಿಲ್ಲಿಸಿದಾಗ ಲ್ಯಾಪ್‌ಟಾಪ್ ಹೆಗಲ ಮೇಲೆ ಹೊತ್ತು ಕೂರಬೇಕಿಲ್ಲ. ಹದಿನೈದು ದಿನ ಲಡಾಖ್‌ಗೆ ಹೋಗೋರ ಲೆಕ್ಕ ಬೇರೆ. ನಮಗೆ ಬೀಗ ಬೇಕೇ ಬೇಕಂದ್ರೆ ಹಿಂದಕ್ಕೆ ಒಂದು ಪ್ಲಾಸ್ಟಿಕ್ ಟಾಪ್ ಬಾಕ್ಸ್ ಸಾಕು. ಕೊಳ್ಳುವಾಗ ಲೀಟರ್ ನೋಡಬೇಡಿ, ಎಷ್ಟು ಕೆಜಿ ಹಾಕಬಹುದು ಅಂತ ಬರೆದಿರೋದನ್ನ ನೋಡಿ. ದೊಡ್ಡ ಡಬ್ಬಗಳಲ್ಲೂ ಅದು 10 ಕೆಜಿ ಮೀರೋದು ಅಪರೂಪ. ಅಳತೆಗೂ ನಿಯಮ ಇದೆ: 2020ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬೈಕಿನ ಹಗುರ ಡಬ್ಬಕ್ಕೆ 550 ಮಿ.ಮೀ. ಉದ್ದ, 510 ಅಗಲ, 500 ಎತ್ತರದ ಮಿತಿ ಹಾಕಿತು. ಹಿಂದಿನ ಸೀಟಿನ ಜಾಗದಲ್ಲೇ ಡಬ್ಬ ಕೂತರೆ ಸವಾರ ಒಬ್ಬನೇ ಹೋಗಬೇಕು.

ಉಳಿದವರಿಗೆ ಸೀಟಿನ ಮೇಲೆ ಅಡ್ಡ ಹಾಕುವ ಸ್ಯಾಡಲ್ ಬ್ಯಾಗ್, ಒಳಗೊಂದು ದಪ್ಪ ಪ್ಲಾಸ್ಟಿಕ್ ಕವರ್. ಸ್ಟ್ರ್ಯಾಪ್ ತುದಿ ಚೈನಿಗೆ, ಬ್ಯಾಗ್ ಸೈಲೆನ್ಸರ್‌ಗೆ ತಾಗದ ಹಾಗೆ ಕಟ್ಟಿ. ಚಿಕ್ಕಬಳ್ಳಾಪುರದಲ್ಲಿ ಕಾಫಿಗೆ ನಿಂತಾಗ ಒಂದ್ಸಲ ಎಳೆದು ನೋಡಿ.