ಕೈ ಒಣಗಿತು, ವಾಚ್ ಹೆದರಿಸಿತು!

ಆಫೀಸಿನ ಬಯೋಮೆಟ್ರಿಕ್ ಮಷೀನ್ ನನ್ನ ಬೆರಳನ್ನು ಒಂದೇ ಸಲಕ್ಕೆ ಒಪ್ಪಿಕೊಳ್ಳೋಕೆ ಶುರು ಮಾಡಿದ್ದು ಮೂರು ವರ್ಷದಿಂದೀಚೆಗೆ. ಮುಂಚೆ ಕರ್ಚೀಫಿಗೆ ಒರೆಸಿ, ಚೂಡಿದಾರಕ್ಕೆ ಉಜ್ಜಿ, ಹಿಂದೆ ನಿಂತವರಿಗೆ ‘ಒಂದ್ನಿಮಿಷ’ ಅಂತ ಹಲ್ಲು ಕಿರೀಬೇಕಿತ್ತು. ಕೈಕೆಳಗೆ ಟವೆಲ್ ಇಟ್ಕೊಂಡು ಪರೀಕ್ಷೆ ಬರೆದವಳು ನಾನು.

ಮುಲಾಮು, ನೀರಲ್ಲಿ ಕೈಯಿಟ್ಟು ಸಣ್ಣ ಕರೆಂಟ್ ಹಾಯಿಸೋ ಚಿಕಿತ್ಸೆ, ಮಾತ್ರೆ ಎಲ್ಲ ಮುಗಿಸಿ ಕೊನೆಗೆ ಆಪರೇಷನ್‌ಗೆ ಒಪ್ಪಿದೆ. ಎದೆಗೂಡಿನೊಳಗೆ ಬೆನ್ನುಮೂಳೆಯ ಪಕ್ಕ ಇಳಿಯುವ ಸಿಂಪಥೆಟಿಕ್ ನರದ ಸರಪಳಿಯನ್ನು ಕತ್ತರಿಸುತ್ತಾರೆ, ಇಲ್ಲವೇ ಕ್ಲಿಪ್ ಹಾಕುತ್ತಾರೆ. ಎಚ್ಚರವಾದಾಗ ಅಂಗೈ ಬೆಚ್ಚಗೆ, ಒಣಗಿತ್ತು. ಅತ್ತುಬಿಟ್ಟೆ.

ಓಡೋಕೆ ಶುರು ಮಾಡಿದ ಮೇಲೆ ಹೊಸ ತಲೆನೋವು. 220ರಿಂದ ವಯಸ್ಸು ಕಳೆಯುವ ಲೆಕ್ಕದಲ್ಲಿ ನನ್ನ ಗರಿಷ್ಠ ಹೃದಯಬಡಿತ 190ರ ಹತ್ತಿರ ಇರಬೇಕು. ಏದುಸಿರು ಬಿಡ್ತಾ ಓಡಿದರೂ ವಾಚ್ 160 ದಾಟಲಿಲ್ಲ! ಗಾಬರಿಯಾಗಿ ಹೃದಯದ ಡಾಕ್ಟರ ಹತ್ತಿರ ಹೋದೆ. ಇಸಿಜಿ, ಟ್ರೆಡ್‌ಮಿಲ್ ಎರಡೂ ಸರಿಯಿದ್ದವು. ಆಮೇಲೆ ಅವರು ವಿವರಿಸಿದರು. ಎದೆಯ ಮೇಲ್ಭಾಗದ ಅದೇ ಸರಪಳಿಯಿಂದ ಹೃದಯಕ್ಕೂ ಎಳೆಗಳು ಹೋಗುತ್ತವೆ. ‘ಜೋರಾಗಿ ಬಡಿ’ ಅನ್ನೋ ಸಂದೇಶ ಸಾಗೋದು ಅಲ್ಲಿಂದ. ಹಾಗಾಗಿ ಕೆಲವರಲ್ಲಿ ಇದು ಬೀಟಾ ಬ್ಲಾಕರ್ ಮಾತ್ರೆಯ ಥರ, ಸ್ವಲ್ಪ ಮಟ್ಟಿಗೆ, ಬಡಿತ ಇಳಿಸುತ್ತದೆ. ರಕ್ತದಲ್ಲಿ ಬರುವ ಅಡ್ರಿನಲಿನ್ ಮತ್ತು ಹಿಡಿತ ಸಡಿಲಿಸುವ ವೇಗಸ್ ನರ ಇರೋದರಿಂದ ಹೃದಯ ಓಟಕ್ಕೆ ಸ್ಪಂದಿಸುತ್ತಲೇ ಇರುತ್ತದೆ. ಹೆಚ್ಚಿನವರಿಗೆ ವ್ಯಾಯಾಮದ ಶಕ್ತಿ ಅಷ್ಟೇನೂ ಕುಗ್ಗುವುದಿಲ್ಲ. ಮೊದಲೇ ನಿಧಾನ ಬಡಿತ ಇದ್ದವರು ಮಾತ್ರ ಹುಷಾರಾಗಿರಬೇಕು.

ಈಗ ನಾನು ವಾಚಿನ ಝೋನ್ ನೋಡಲ್ಲ. ಓಡ್ತಾ ಮಾತಾಡೋಕೆ ಆಗುತ್ತಾ ಅಂತ ನೋಡ್ಕೋತೀನಿ. ತಲೆಸುತ್ತು, ಕಣ್ಣು ಕತ್ತಲೆ ಬಂದರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು ಅನ್ನೋದು ಗೊತ್ತು.

ನಿಜವಾದ ಬೆಲೆ ತೆತ್ತಿದ್ದು ಬೆನ್ನು. ಕೈಯಲ್ಲಿ ನಿಂತ ಬೆವರು ಬೆನ್ನು, ಹೊಟ್ಟೆ, ತೊಡೆಯಲ್ಲಿ ಬರ್ತಿದೆ. ಎರಡು ಕಿಲೋಮೀಟರಿಗೆ ಟೀಶರ್ಟ್ ಹಿಂಡಬಹುದು. ಬಿಸಿಲು ಏರುವ ಮುಂಚೆಯೇ ಓಟ ಮುಗಿಸ್ತೀನಿ.

ಕಳೆದ ವಾರ ತಂಗಿ ಫೋನ್ ಮಾಡಿದ್ಲು. ಅವಳಿಗೂ ಇದೇ ಕೈ. ಬ್ಯಾಡ್ಮಿಂಟನ್ ರಾಕೆಟ್ ಜಾರುತ್ತೆ. ‘ನಾನೂ ಮಾಡಿಸ್ಲಾ ಅಕ್ಕ?’ ಅಂದಳು. ಬೇಡ ಅನ್ನೋ ಹಕ್ಕು ನನಗಿಲ್ಲ, ನನ್ನ ಒಣಗಿದ ಕೈ ನನಗೆ ಅಷ್ಟು ಇಷ್ಟ. ‘ಕತ್ತರಿಸಿದ್ದನ್ನ ಮತ್ತೆ ಜೋಡಿಸೋದು ಸುಲಭವಲ್ಲ. ಮೊದಲು ಉಳಿದ ಚಿಕಿತ್ಸೆ ಎಲ್ಲ ಮುಗಿಸು. ಆಮೇಲೆ ಯಾವ ಮಟ್ಟದಲ್ಲಿ ಕತ್ತರಿಸ್ತಾರೆ, ಬೆವರು ಎಲ್ಲಿಗೆ ಹೋಗುತ್ತೆ, ನನ್ನ ಹೃದಯಬಡಿತ ಈಗ ಎಷ್ಟಿದೆ ಅಂತ ಕೇಳು’ ಅಂದೆ.

ಮೂರನೇ ಪ್ರಶ್ನೆ ನಾನು ಕೇಳಿರಲಿಲ್ಲ. ಅವಳು ಬರೆದುಕೊಂಡಳು.