ಒಂದು ಪುಟ್ಟ ಬದನೇಕಾಯಿ ಸಾಕು!

ಸೋದರಿಯರೇ, ಅಂಗಡಿಯಲ್ಲಿ ಯಾವುದಾದರೂ ವಸ್ತುವಿನ ಬೆಲೆ ಕೇಳಿದ ಕೂಡಲೇ, “ಅಯ್ಯೋ, ಇದಕ್ಕೆ ಇಷ್ಟು ದುಡ್ಡೇ? ಮನೇಲೇ ಮಾಡ್ಕೋಬಹುದಲ್ಲ!” ಅಂತ ನಿಮ್ಮ ಬಾಯಿಂದ ಬಂದದ್ದಿಲ್ಲವೇ? ಬಂದೇ ಇರುತ್ತದೆ ಬಿಡಿ. ಹಾಗಾದರೆ ಈ ಸಲ ನಾನು ಪರಿಚಯಿಸುವ ಹೆಂಗಸು ನಿಮಗೆ ಹೊಸಬಳೇನಲ್ಲ. ಆಕೆ ಇರುವುದು ಮಾತ್ರ ಇಂಗ್ಲೆಂಡಿನಲ್ಲಿ. ಅದೂ ಟೆಲಿವಿಷನ್ ಪರದೆಯ ಮೇಲೆ.

ಬಿ.ಬಿ.ಸಿ.ಯವರ ‘ಗುಡ್‌ನೆಸ್ ಗ್ರೇಷಿಯಸ್ ಮಿ’ ಎಂಬ ನಗೆ ಕಾರ್ಯಕ್ರಮ 1996ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1998ರಿಂದ 2001ರವರೆಗೆ ಟೆಲಿವಿಷನ್ನಿನಲ್ಲಿ ಬಂತು. ಪುಟ್ಟ ಪುಟ್ಟ ಪ್ರಹಸನಗಳ ಸರಮಾಲೆ ಅದು. ಮೀರಾ ಸ್ಯಾಲ್, ನೀನಾ ವಾಡಿಯಾ, ಸಂಜೀವ್ ಭಾಸ್ಕರ್, ಕುಲ್ವಿಂದರ್ ಘೀರ್ ಎಂಬ ಭಾರತೀಯ ಮೂಲದ ನಾಲ್ವರು ಕಲಾವಿದರು ಅದರಲ್ಲಿ ಹತ್ತಾರು ವೇಷ ಹಾಕುತ್ತಿದ್ದರು. ಕೆಲವು ಪಾತ್ರಗಳು ಮತ್ತೆ ಮತ್ತೆ ಬರುತ್ತಿದ್ದವು, ನಮ್ಮ ಬೀದಿಯಲ್ಲಿ ದಿನಾ ಎದುರಾಗುವವರ ಹಾಗೆ.

ಅವರಲ್ಲಿ ಒಬ್ಬಳು ಈ ತಾಯಿ. ಮನೆಯವರು ದುಡ್ಡು ಕೊಟ್ಟು ಏನಾದರೂ ಕೊಳ್ಳುವ ಮಾತೆತ್ತಿದರೆ ಸಾಕು, “ಅದನ್ನ ನಾನು ಮನೇಲೇ ಪುಕ್ಕಟೆ ಮಾಡ್ತೀನಿ!” ಅನ್ನುತ್ತಾಳೆ. ಬೇಕಾಗುವ ಸಾಮಾನೋ, ಒಂದು ಪುಟ್ಟ ಬದನೇಕಾಯಿ. ಊಟದ ಮಾತಾದರೆ ಸರಿ. ಒಲೆಗೂ ಒಗ್ಗರಣೆಗೂ ಸಂಬಂಧವೇ ಇಲ್ಲದ ವಸ್ತುವಿಗೂ ಆಕೆಗೆ ಅದೇ ಬದನೇಕಾಯಿ ಬೇಕು!

ಇನ್ನೊಬ್ಬರು ಯಜಮಾನರಿದ್ದಾರೆ. ಲೋಕದಲ್ಲಿ ಒಳ್ಳೆಯದೆಲ್ಲ ಹುಟ್ಟಿದ್ದು ಭಾರತದಲ್ಲಿ ಅಂತ ಅವರ ವಾದ. ಇಂಗ್ಲೆಂಡಿನ ರಾಜಮನೆತನವೂ ಭಾರತದ್ದೇ! ಹೇಗೆ ಅಂತೀರೋ? ಎಲ್ಲರೂ ಒಂದೇ ಮನೆಯಲ್ಲಿದ್ದು, ಮನೆತನದ ಕಸುಬನ್ನೇ ಮಾಡಿಕೊಂಡು, ಹಿರಿಯರು ಗೊತ್ತು ಮಾಡಿದವರನ್ನೇ ಮದುವೆಯಾಗುವುದಿಲ್ಲವೇ? ಮತ್ತಿಬ್ಬರು ತಾಯಂದಿರಿಗೆ ಮಗನ ಗುಣಗಾನವೇ ಕೆಲಸ. ಒಬ್ಬಳು ಒಂದು ಹೇಳಿದರೆ ಇನ್ನೊಬ್ಬಳದು ಅದಕ್ಕಿಂತ ಒಂದು ಗೇಣು ಮೇಲೆ. ಕಪೂರರ ಮನೆಯವರೋ ತಮ್ಮ ಹೆಸರನ್ನು ‘ಕೂಪರ್’ ಮಾಡಿಕೊಂಡು ಇಂಗ್ಲಿಷರಿಗಿಂತ ಹೆಚ್ಚು ಇಂಗ್ಲಿಷರಾಗಲು ಹೊರಟವರು.

ನಮ್ಮವರನ್ನೇ ಹೀಗೆ ಗೇಲಿ ಮಾಡಬಹುದೇ ಅಂತ ಕೇಳಬಹುದು ನೀವು. ಅಲ್ಲಿ ಮೊದಲು ನಡೆಯುತ್ತಿದ್ದ ಗೇಲಿ ಬೇರೆ ಥರದ್ದು. 1974ರಲ್ಲಿ ಆರಂಭವಾದ ಒಂದು ಬಿ.ಬಿ.ಸಿ. ಹಾಸ್ಯ ಸರಣಿಯಲ್ಲಿ ರಂಗಿ ರಾಮ್ ಎಂಬ ಭಾರತೀಯನ ಪಾತ್ರವನ್ನು ಮೈಕೆಲ್ ಬೇಟ್ಸ್ ಎಂಬ ಇಂಗ್ಲಿಷ್ ನಟ ಮುಖಕ್ಕೆ ಬಣ್ಣ ಬಳಿದುಕೊಂಡು ಮಾಡಿದ್ದ. ಹೊರಗಿನವರು ನಮ್ಮನ್ನು ನೋಡಿ ನಗುವುದು ಅದು. ‘ಗುಡ್‌ನೆಸ್ ಗ್ರೇಷಿಯಸ್ ಮಿ’ಯಲ್ಲಾದರೋ ಆ ತಾಯಂದಿರ ಮಕ್ಕಳ ಪೀಳಿಗೆಯವರೇ ಬರೆದು, ತಾವೇ ಆಡಿದರು. ಅಮ್ಮನ ಜಿಪುಣತನವನ್ನು ಮಗಳು ಅಡುಗೆಮನೆಯಲ್ಲಿ ಅಣಕಿಸುವುದಕ್ಕೂ ಪಕ್ಕದ ಮನೆಯವಳು ಆಡಿಕೊಳ್ಳುವುದಕ್ಕೂ ವ್ಯತ್ಯಾಸ ನಿಮಗೆ ನಾನು ಹೇಳಬೇಕೇ?

ಅಂದ ಹಾಗೆ, ಆ ಜಿಪುಣತನ ಎಲ್ಲಿಂದ ಬಂತು? 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾದವರನ್ನು ಹೊರದೂಡಿದಾಗ ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಅಂಗಡಿ, ಮನೆ ಎಲ್ಲ ಬಿಟ್ಟು ಕೈಪೆಟ್ಟಿಗೆ ಹಿಡಿದು ಬಂದವರು. ಪಂಜಾಬಿನಿಂದ ಕೂಲಿ ಅರಸಿ ಬಂದವರೂ ಬಹಳ. ಅಂಥ ಸಂಸಾರ ನಿಂತದ್ದು ಗೃಹಿಣಿಯ ಹಿಡಿತದ ಕೈಯಿಂದ. ಮನೆಗೆಲಸ ಮುಗಿಸಿ ಕಾರ್ಖಾನೆಗೆ ದುಡಿಯಲು ಹೋದವರೆಷ್ಟೋ. ಜಯಾಬೆನ್ ದೇಸಾಯಿ ಎಂಬ ಗುಜರಾತಿ ಗೃಹಿಣಿ 1976ರಲ್ಲಿ ಲಂಡನ್ನಿನ ಒಂದು ಫೋಟೋ ಕಾರ್ಖಾನೆಯಿಂದ ಹೊರನಡೆದು, ಸೀರೆಯುಟ್ಟ ಹೆಂಗಸರನ್ನು ಕಟ್ಟಿಕೊಂಡು ಸುಮಾರು ಎರಡು ವರ್ಷ ಮುಷ್ಕರ ಹೂಡಿದರು. ಗೆಲ್ಲಲಿಲ್ಲ, ನಿಜ. ಆದರೆ ನಮ್ಮ ದುಡಿಮೆಗೂ ಮರ್ಯಾದೆ ಇದೆ ಅಂತ ಇಡೀ ದೇಶಕ್ಕೆ ಕೇಳಿಸುವ ಹಾಗೆ ಹೇಳಿದರು.

ಈಗ ಮತ್ತೆ ನಮ್ಮ ಬದನೇಕಾಯಿ ತಾಯಿಯ ಮಾತು ಕೇಳಿ: “ಮನೇಲೇ ಪುಕ್ಕಟೆ.” ಪುಕ್ಕಟೆ ಹೇಗಾದೀತು? ಬದನೇಕಾಯಿಗೆ ಕಾಸು, ಒಲೆಗೆ ಗ್ಯಾಸು, ಸರಿ. ಹೆಚ್ಚಿ, ಹುರಿದು, ಬಡಿಸಿ, ಪಾತ್ರೆ ತೊಳೆಯುವ ಆ ಎರಡು ಕೈಗಳ ಲೆಕ್ಕ ಎಲ್ಲಿ? ಅದನ್ನು ಮನೆಯವರು ಹಿಡಿಯುವುದಿಲ್ಲ ಅನ್ನುವುದು ಒಂದು ಕಡೆ. ಆಕೆಯೇ ಹಿಡಿಯುವುದಿಲ್ಲ ನೋಡಿ! ನಗೆಯ ಒಳಗಿನ ಮುಳ್ಳು ಇದೇ.

ಮನೆಯಲ್ಲಿ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ ಕಣ್ರೀ. ಮನೆಯ ಹಪ್ಪಳ, ಉಪ್ಪಿನಕಾಯಿಯ ರುಚಿ ಅಂಗಡಿಯದಕ್ಕೆ ಎಲ್ಲಿ ಬಂದೀತು? ಆದರೆ ಮುಂದಿನ ಸಲ ಲೆಕ್ಕದ ಪುಸ್ತಕದಲ್ಲಿ ಬೇಳೆ, ಎಣ್ಣೆಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ನನ್ನ ಸಮಯ, ಎರಡು ಗಂಟೆ.’ ರೂಪಾಯಿ ಬರೆಯದಿದ್ದರೂ ಪರವಾಗಿಲ್ಲ. ಪುಸ್ತಕವನ್ನು ಮಾತ್ರ ಮನೆಯವರ ಕಣ್ಣಿಗೆ ಬೀಳುವ ಕಡೆ ಇಡಿ. ಏನಂತೀರಿ?