ಚಾಕರಿಗೂ ಒಂದು ಪಾಲುಪಟ್ಟಿ ಬೇಡವೆ?

ನಮ್ಮ ಕಾಸರಗೋಡಿನ ಕಡೆ ಮನೆ ಪಾಲಾಗುವುದೆಂದರೆ ಸಣ್ಣ ಸಂಗತಿಯಲ್ಲ. ಹಿರಿಯರು ಜಗಲಿಯಲ್ಲಿ ಕೂಡುತ್ತಾರೆ. ಸರ್ವೆಯವರು ಬಂದು ಅಳೆಯುತ್ತಾರೆ. ಅಡಿಕೆ ತೋಟದ ಯಾವ ಭಾಗ ಯಾರಿಗೆ, ಬಾವಿಯ ನೀರಿನ ಹಕ್ಕು ಯಾರದು, ಹಲಸಿನ ಮರ ಯಾರ ಗಡಿಯೊಳಗೆ ಎಂಬುದನ್ನೆಲ್ಲ ಕಾಗದದಲ್ಲಿ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುತ್ತಾರೆ. ಒಂದು ಗೇರುಮರಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದೂ ಉಂಟು. ಆದರೆ ಇಷ್ಟೆಲ್ಲ ಸೂಕ್ಷ್ಮವಾಗಿ ಬರೆದ ಪಾಲುಪಟ್ಟಿಯಲ್ಲಿ ಒಂದು ಬಾಬತ್ತು ಮಾತ್ರ ಬಿಟ್ಟುಹೋಗಿರುತ್ತದೆ. ಒಳಕೋಣೆಯಲ್ಲಿ ಮಲಗಿರುವ ತಾಯಿಯ ಚಾಕರಿ ಯಾರ ಪಾಲಿಗೆ? ಹೆಚ್ಚೆಂದರೆ, ತಾಯಿಯು ಇಂಥ ಮಗನ ಮನೆಯಲ್ಲಿ ವಾಸವಾಗಿರತಕ್ಕದ್ದು ಎಂಬ ಒಂದು ಸಾಲು ಇದ್ದೀತು. ಅದರ ಕೆಳಗೆ ಮಕ್ಕಳೆಲ್ಲರ ಸಹಿಯೂ ಇದ್ದೀತು. ಮರುದಿನದಿಂದ ಆ ಸಾಲನ್ನು ನಡೆಸಿಕೊಡಬೇಕಾದವಳು ಆ ಮನೆಯ ಸೊಸೆ. ಅವಳ ಸಹಿಯನ್ನು ಯಾರೂ ಕೇಳಿರುವುದಿಲ್ಲ.

ವಯಸ್ಸಾದ ತಂದೆತಾಯಂದಿರನ್ನು ನೋಡಿಕೊಳ್ಳಬೇಕು ಎಂಬ ಉಪದೇಶ ಶಾಲೆಯ ವಾರ್ಷಿಕ ಸಂಚಿಕೆಗಳಿಗೆ ಹೊಸತಲ್ಲ. ಶ್ರವಣಕುಮಾರನ ಕಥೆಯನ್ನು ನಾವೆಲ್ಲರೂ ಬರೆದು ಬರೆದು ಹಳತು ಮಾಡಿದ್ದೇವೆ. ನನ್ನ ಮಾತು ಅದರ ಮುಂದಿನದು. ಮುದುಕರನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು? ಒಂದು ಕುಟುಂಬದ ನಾಲ್ಕು ಮಕ್ಕಳಿಗೆ ಸೇರಿದ ಕರ್ತವ್ಯವನ್ನು ಒಬ್ಬಳ ಬೆನ್ನ ಮೇಲೆ ಹೊರಿಸಿ, ಉಳಿದವರು ಫೋನಿನಲ್ಲಿ ಕ್ಷೇಮ ವಿಚಾರಿಸಿ ಕೈ ತೊಳೆದುಕೊಳ್ಳುವುದು ನ್ಯಾಯವೆ? ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಓದುವ ಹೆತ್ತವರಲ್ಲಿ ಕೆಲವರಿಗಾದರೂ ಇದು ಹಿಡಿಸಲಾರದು ಎಂದು ತಿಳಿದೇ ಬರೆಯುತ್ತಿದ್ದೇನೆ.

ಚಾಕರಿ ಎಂದರೆ ಏನೆಂದು ದೂರದಲ್ಲಿರುವವರಿಗೆ ಸರಿಯಾಗಿ ತಿಳಿದಿಲ್ಲ. ಹೊತ್ತು ಹೊತ್ತಿಗೆ ಗಂಜಿ, ಮಾತ್ರೆ ಕೊಟ್ಟರಾಯಿತು ಎಂದು ಅವರ ಎಣಿಕೆ. ಎದ್ದು ಓಡಾಡಲಾರದೆ ಮಲಗಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಸೊಂಟ, ಬೆನ್ನು, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಆ ಹುಣ್ಣು ಒಮ್ಮೆ ಆಳಕ್ಕಿಳಿದರೆ ಮಾಗಲು ತಿಂಗಳುಗಳೇ ಬೇಕು. ಎರಡು ಗಂಟೆಗೊಮ್ಮೆ ಎಂದರೆ ರಾತ್ರಿಯೂ ಸೇರಿತು. ಮಲಗಿಸಿಯೇ ಉಣ್ಣಿಸುವಂತಿಲ್ಲ, ಅನ್ನ ಗಂಟಲಿಗೆ ಸಿಕ್ಕಿಕೊಳ್ಳುವ ಭಯ. ಆದುದರಿಂದ ಒರಗಿಸಿ ಕುಳ್ಳಿರಿಸಿ ತುತ್ತು ತುತ್ತಾಗಿ ತಿನ್ನಿಸಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟ ಮೇಲೆ ಅವರು ಊಟ ಬೇಡವೆಂದು ಹಟ ಹಿಡಿದರೆ ಸಕ್ಕರೆ ತೀರ ಇಳಿದು ಪ್ರಜ್ಞೆ ತಪ್ಪೀತು ಎಂಬ ಚಿಂತೆ. ಮಳೆಗಾಲದಲ್ಲಿ ಬಟ್ಟೆಬರೆ ಒಣಗುವುದೇ ಇಲ್ಲ. ಹಾವಸೆ ಕಟ್ಟಿದ ಅಂಗಳದಲ್ಲಿ ಅಜ್ಜ ಜಾರಿದರೆ ತೊಡೆಯ ಎಲುಬಿಗೇ ಸಂಚಕಾರ. ಇದಕ್ಕೆಲ್ಲ ಮಿಗಿಲಾದದ್ದು ಮರೆವಿನ ಕಾಯಿಲೆ. ಈಗಷ್ಟೆ ಉಂಡದ್ದನ್ನು ಮರೆತು, ತನಗೆ ಊಟ ಹಾಕುತ್ತಿಲ್ಲವೆಂದು ಅತ್ತೆ ನೆರೆಮನೆಯವರೊಡನೆ ದೂರುತ್ತಾರೆ. ತನ್ನ ಸರ ಕದ್ದವಳು ಸೊಸೆಯೇ ಎನ್ನುತ್ತಾರೆ. ಅದು ರೋಗದ ಲಕ್ಷಣವೆಂದು ವೈದ್ಯರಿಗೆ ಗೊತ್ತು. ನೆರೆಮನೆಯವರಿಗೆ ಗೊತ್ತಿಲ್ಲ. ಬೆಂಗಳೂರಿನಿಂದ ಬಂದ ನಾದಿನಿಗೂ ಕೆಲವೊಮ್ಮೆ ಗೊತ್ತಿರುವುದಿಲ್ಲ.

ಇದು ಇನ್ನು ಮುಂದೆ ಕಡಿಮೆಯಾಗುವ ಕಷ್ಟವಲ್ಲ. 2011ರ ಜನಗಣತಿಯಂತೆ ಭಾರತದಲ್ಲಿ 60 ದಾಟಿದವರು ನೂರಕ್ಕೆ ಸುಮಾರು 8.6 ಮಂದಿಯಾದರೆ ಕೇರಳದಲ್ಲಿ 12.6 ಮಂದಿ. ದೇಶದಲ್ಲೇ ಅತಿ ಹೆಚ್ಚು ಪ್ರಮಾಣದ ವೃದ್ಧರಿರುವ ರಾಜ್ಯ ನಮ್ಮದು. ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ ನೂರು ವರ್ಷ ತುಂಬಿಸಿ 2015ರಲ್ಲಿ ತೀರಿಕೊಂಡರು. ಅಂಥ ಆಯುಸ್ಸು ಎಲ್ಲರಿಗೂ ಬಾರದಿದ್ದರೂ ಎಂಬತ್ತು, ಎಂಬತ್ತೈದು ಈಗ ಅಪರೂಪವಲ್ಲ. ಇತ್ತ ಮಕ್ಕಳ ಸಂಖ್ಯೆ ಇಳಿಯಿತು. ಇದ್ದ ಮಕ್ಕಳೂ ಮಂಗಳೂರು, ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿ ಬದುಕು ಕಂಡುಕೊಂಡರು. ಹೋದವರನ್ನು ನಾನು ಹಳಿಯುವುದಿಲ್ಲ. ಕಲಿತು ಹೊರಗೆ ಹೋಗಿ ಎಂದು ಹುರಿದುಂಬಿಸಿದವರಲ್ಲಿ ನಾವು ಅಧ್ಯಾಪಕರೇ ಮುಂದೆ.

ಹೋದವರು ಹಣ ಕಳುಹಿಸುತ್ತಾರೆ. ಹಣ ಬೇಡವೆಂದಲ್ಲ, ಔಷಧಿಗೆ, ಮಂಗಳೂರಿನ ಆಸ್ಪತ್ರೆಗೆ, ಹೋಂ ನರ್ಸ್ ಒಬ್ಬಳನ್ನು ಇರಿಸಿಕೊಂಡರೆ ಅವಳ ಸಂಬಳಕ್ಕೆ, ಎಲ್ಲದಕ್ಕೂ ಹಣವೇ ಬೇಕು. ಆದರೆ ರಾತ್ರಿ ಎರಡು ಗಂಟೆಗೆ ಅತ್ತೆಯ ಮಗ್ಗುಲು ಬದಲಿಸಲು ಹಣಕ್ಕೆ ಕೈಗಳಿಲ್ಲ. ಆ ಸೊಸೆಗೆ ಬೇಕಾದದ್ದು ದಿನಗಳು. ತವರಿಗೆ ಹೋಗಿ ನಾಲ್ಕು ರಾತ್ರಿ ನಿದ್ದೆ ಮಾಡಿ ಬರಲು, ತನ್ನದೇ ಮಂಡಿನೋವಿಗೆ ವೈದ್ಯರನ್ನು ಕಾಣಲು, ತನ್ನ ತಾಯಿಯ ಹತ್ತಿರ ಒಂದಿಷ್ಟು ಹೊತ್ತು ಕುಳಿತಿರಲು ದಿನಗಳು. ಆಕೆಗೂ ಮುದಿ ತಂದೆತಾಯಿ ಇದ್ದಾರು ಎಂಬುದನ್ನು ನಾವು ನೆನೆಯುವುದೇ ಇಲ್ಲ.

ನಾನು ಹೇಳುವ ಪಾಲುಪಟ್ಟಿ ಇದೇ. ದೂರದಲ್ಲಿರುವ ಮಗನಾಗಲಿ ಮಗಳಾಗಲಿ ವರ್ಷಕ್ಕೆ ಹದಿನೈದು ದಿನ ಬಂದು, ನೆಂಟರಂತೆ ಚಾವಡಿಯಲ್ಲಿ ಕೂರದೆ, ಒಳಕೋಣೆಯ ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಳ್ಳಬೇಕು. ಅಂಥವರು ಮೂವರಿದ್ದರೆ ನಲವತ್ತೈದು ದಿನವಾಯಿತು. ರಜೆ ಎಲ್ಲಿ ಸಿಗುತ್ತದೆ ಎಂದು ಕೇಳುವಿರಿ. ಕುಟುಂಬದ ದೈವದ ಕೋಲಕ್ಕೆ ಸಿಗುತ್ತದೆ, ಮದುವೆಗೆ ಸಿಗುತ್ತದೆ. ಕೊಂಕಣ ರೈಲು ಬಂದ ಮೇಲೆ ಮುಂಬಯಿ ನಮಗೆ ಒಂದು ರಾತ್ರಿಯ ದಾರಿ. ಕೊಲ್ಲಿಯಲ್ಲಿರುವವರಿಗೆ ಪ್ರತಿ ವರ್ಷ ಬರುವುದು ಸಾಧ್ಯವಾಗದೆ ಇರಬಹುದು. ಅವರು ತಮ್ಮ ಪಾಲಿನ ದಿನಗಳಿಗೆ ಸಹಾಯಕರನ್ನು ಇರಿಸಿ ಅದರ ಖರ್ಚು ಹೊರಲಿ. ಫೋನಿನಲ್ಲಿ "ಅಮ್ಮನಿಗೆ ಹೇಗಿದೆ, ಅತ್ತಿಗೆ?" ಎಂದು ಕೇಳುವುದರ ಜೊತೆಗೆ "ಅತ್ತಿಗೆ, ನಿಮಗೆ ಹೇಗಿದೆ?" ಎಂದು ಒಮ್ಮೆ ಕೇಳಲು ಯಾವ ಖರ್ಚೂ ಇಲ್ಲ. ಮನೆಯಲ್ಲೇ ಇರುವ ಗಂಡಸರ ಮಾತು ಬೇರೆಯೇ. ತೋಟದಲ್ಲಿ ಅಡಿಕೆಗೊನೆ ಹೊರುವ ತೋಳು ತಂದೆಯನ್ನು ಹಾಸಿಗೆಯಿಂದ ಎತ್ತಲಾರದೆ?

ಹಿಂದಿನ ಕಾಲದ ಕೂಡುಕುಟುಂಬದಲ್ಲಿ ಈ ತೊಂದರೆ ಇರಲಿಲ್ಲ ಎಂದು ಹೇಳುವವರುಂಟು. ಅರ್ಧ ಮಾತ್ರ ನಿಜ. ಅಳಿಯಸಂತಾನ ಕಟ್ಟಿನ ಮನೆಗಳಲ್ಲಿ ಆಸ್ತಿ ತಾಯಿಯ ವಂಶದಲ್ಲಿ ಇಳಿದು ಬರುತ್ತಿತ್ತು. ಮುದಿ ತಾಯಿಯ ಹತ್ತಿರ ಇದ್ದ ಮಗಳು ಆ ಮನೆಯ ಹಕ್ಕುದಾರಳೂ ಆಗಿರುತ್ತಿದ್ದಳು. ದುಡಿಮೆಯೂ ಹಕ್ಕೂ ಒಂದೇ ಕಡೆ ಇದ್ದವು. 1976ರ ಡಿಸೆಂಬರ್ 1ರಿಂದ ಕೇರಳದ ಕಾನೂನು ಹಿಂದೂ ಕೂಡುಕುಟುಂಬದ ಒಡೆತನವನ್ನೇ ಕೊನೆಗೊಳಿಸಿತು. ಅದು ಹೋದದ್ದಕ್ಕೆ ಅಳುವವನು ನಾನಲ್ಲ. ಆ ದೊಡ್ಡ ಮನೆಗಳಲ್ಲೂ, ಮಕ್ಕಳಸಂತಾನದ ಮನೆಗಳಲ್ಲಿ ಇನ್ನೂ ಹೆಚ್ಚಾಗಿ, ಚಾಕರಿ ಬಿದ್ದದ್ದು ಯಾವಳೋ ಒಬ್ಬ ವಿಧವೆಯ ಮೇಲೆ. ಆಕೆಯನ್ನು ಕೇಳಿದ್ದರೆ ಹಿಂದಿನ ಕಾಲದ ಚರಿತ್ರೆ ಬೇರೆಯೇ ಆಗುತ್ತಿತ್ತೋ ಏನೋ.

ಇನ್ನು ಇಂದಿನ ಕಾನೂನು. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಕೇಂದ್ರ ಶಾಸನವೊಂದು ಬಂತು. ತಮ್ಮ ಆದಾಯ, ಆಸ್ತಿಯಿಂದ ಬದುಕಲಾರದ ಹೆತ್ತವರು ಮಕ್ಕಳಿಂದ ಪೋಷಣೆ ಕೇಳಿ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಹಿರಿಯರನ್ನು ನೋಡಿಕೊಳ್ಳುವ ಹೊಣೆಯಿದ್ದವರು ಅವರನ್ನು ತೊರೆದುಬಿಟ್ಟರೆ ಮೂರು ತಿಂಗಳವರೆಗೆ ಸೆರೆಮನೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ರದ್ದು ಮಾಡಿಸಲಿಕ್ಕೂ ಅದರಲ್ಲಿ ದಾರಿಯಿದೆ. ಆ ಶಾಸನದ ಎರಡು ಮಾತುಗಳು ನನಗೆ ಬಹಳ ಅರ್ಥವತ್ತಾಗಿ ಕಂಡವು. ಮಕ್ಕಳಿಲ್ಲದ ವೃದ್ಧರ ವಿಷಯದಲ್ಲಿ, ಆಸ್ತಿ ಬರಲಿರುವ ಬಂಧುಗಳು ಹಲವರಿದ್ದರೆ, ಅವರು ಆಸ್ತಿಯಲ್ಲಿ ಪಡೆಯುವ ಪಾಲಿಗೆ ತಕ್ಕಂತೆ ಪೋಷಣೆಯ ಹಣವನ್ನೂ ಕೊಡಬೇಕೆಂದು ಅದು ಹೇಳುತ್ತದೆ. ಪಾಲಿದ್ದಲ್ಲಿ ಹೊಣೆ ಎಂಬ ತತ್ವ, ನೋಡಿ, ಕಾನೂನಿನಲ್ಲೇ ಇದೆ. ಎರಡನೆಯದು, ಮಕ್ಕಳು ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದಷ್ಟೇ ಅದು ಹೇಳಿದೆ; ಪ್ರಾಯಪೂರ್ತಿಯಾಗದವರನ್ನು ಹೊರಗಿಟ್ಟಿದೆ. ಸೊಸೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಕಾನೂನು ಹೊಣೆ ಹೊರಿಸಿದ್ದು ಒಬ್ಬರಿಗೆ, ಹೊರುತ್ತಿರುವುದು ಇನ್ನೊಬ್ಬರು.

ಪ್ರಾಯಪೂರ್ತಿಯಾಗದವರು ಎಂದೆ. ಅವರೇ ಈ ಸಂಚಿಕೆಯ ಮುಖ್ಯ ಓದುಗರು. ಕ್ಲಾಸು ಟೀಚರುಗಳ ಕೈಗೆ ಬರುವ ರಜಾ ಅರ್ಜಿಗಳಲ್ಲಿ "ಅಜ್ಜಿಗೆ ಅಸೌಖ್ಯವಾದ ಕಾರಣ" ಎಂಬುದು ಬಹಳ ಹಳೆಯ ವಾಕ್ಯ. ಹುಡುಗರ ಅರ್ಜಿಯಲ್ಲಿ ಅದು ಒಂದು ದಿನದ ರಜೆ, ನಿಜವೋ ಸುಳ್ಳೋ ದೇವರೇ ಬಲ್ಲ. ಹುಡುಗಿಯರ ಅರ್ಜಿಯಲ್ಲಿ ಅದು ಒಂದು ವಾರ, ಎರಡು ವಾರವಾಗುವುದನ್ನು ನಾನು ಕಂಡಿದ್ದೇನೆ. ತಾಯಿ ಕೂಲಿಗೋ ಬೀಡಿ ಕಟ್ಟಲಿಕ್ಕೋ ಹೋಗಲೇಬೇಕಾದ ಮನೆಯಲ್ಲಿ ಅಜ್ಜಿಯ ಹತ್ತಿರ ಕೂರಲು ಹತ್ತನೆಯ ತರಗತಿಯ ಮಗಳನ್ನು ನಿಲ್ಲಿಸುತ್ತಾರೆ, ಒಂಬತ್ತನೆಯ ತರಗತಿಯ ಮಗನನ್ನು ಶಾಲೆಗೆ ಕಳುಹಿಸುತ್ತಾರೆ. ಹೆತ್ತವರೇ, ಬಡತನದ ಒತ್ತಡ ನನಗೆ ಅರ್ಥವಾಗುತ್ತದೆ. ಆದರೆ ಅಕ್ಕನೇ ಏಕೆ, ತಮ್ಮ ಏಕಾಗಬಾರದು? ಮೊಮ್ಮಕ್ಕಳು ಸಂಜೆ ಒಂದು ಗಂಟೆ ಅಜ್ಜಿಯ ಬಳಿ ಕುಳಿತು ತಾಯಿಗೆ ಬಿಡುವು ಕೊಡುವುದು ಒಳ್ಳೆಯದೇ. ಪಾಠ ತಪ್ಪಿಸಿ ದಾದಿಯಾಗುವುದು ಮಕ್ಕಳ ಪಾಲಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿ ದಿನಕ್ಕೆ ಸರಾಸರಿ 140 ನಿಮಿಷ ಕಳೆದರೆ, ಗಂಡಸರಲ್ಲಿ ತೊಡಗಿದವರು ನೂರಕ್ಕೆ 21.4, ಕಳೆದದ್ದು 74 ನಿಮಿಷ. ಇದರಲ್ಲಿ ಮಕ್ಕಳ ಆರೈಕೆಯೂ ಸೇರಿದೆ. ಆದರೂ ಈ ಅಂತರದ ಅಭ್ಯಾಸ ಹದಿನೈದನೆಯ ವಯಸ್ಸಿಗಿಂತ ಮೊದಲೇ ಆರಂಭವಾಗುತ್ತದೆಂದು ಹಾಜರಿ ಪುಸ್ತಕ ನೋಡುವವರಿಗೆ ಗೊತ್ತು.

ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ತಿರುಗುಮುರುಗಾದ ಮನೆಗಳೂ ಇವೆ. ಎಣ್ಮಕಜೆ, ಮುಳಿಯಾರು ಮೊದಲಾದ ಕಡೆಗಳಲ್ಲಿ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ನಿಮಗೆ ತಿಳಿದದ್ದೇ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆಜ್ಞಾಪಿಸಿತು. ಅಲ್ಲಿ ಅರುವತ್ತು ದಾಟಿದ ತಾಯಂದಿರು ಮೂವತ್ತು ವರ್ಷದ ಮಗನನ್ನು ಎತ್ತಿ ಮೀಯಿಸುತ್ತಿದ್ದಾರೆ. ನಾನು ಹೋದ ಮೇಲೆ ಇವನಿಗೆ ಯಾರು ಎಂದು ಆ ತಾಯಿ ಕೇಳಿದರೆ ಪಾಲುಪಟ್ಟಿಯಲ್ಲೂ ಉತ್ತರವಿಲ್ಲ. ಅಲ್ಲಿ ಸರಕಾರವೇ ಬರಬೇಕು, ಊರೇ ಬರಬೇಕು.

ಊರು ಬರಬಲ್ಲುದು ಎಂಬುದಕ್ಕೆ ಕೇರಳದಲ್ಲೇ ನಿದರ್ಶನವಿದೆ. 1993ರಲ್ಲಿ ಕೋಝಿಕ್ಕೋಡು ಮೆಡಿಕಲ್ ಕಾಲೇಜಿನಲ್ಲಿ ಆರಂಭವಾದ ಪಾಲಿಯೇಟಿವ್ ಆರೈಕೆ ಹಳ್ಳಿಗಳಿಗೆ ಹಬ್ಬಿತು. 2008ರಲ್ಲಿ ರಾಜ್ಯ ಸರಕಾರ ಅದಕ್ಕೆಂದೇ ನೀತಿಯನ್ನು ಪ್ರಕಟಿಸಿತು. ದೇಶದಲ್ಲಿ ಅಂಥದು ಅದೇ ಮೊದಲು. ಈಗ ಪಂಚಾಯತಿನ ನರ್ಸ್ ಮನೆಗೆ ಬಂದು ಹುಣ್ಣು ತೊಳೆದು ಕಟ್ಟುತ್ತಾರೆ, ಕೊಳವೆ ಬದಲಿಸುತ್ತಾರೆ. ಗಾಳಿ ಹಾಸಿಗೆ, ಗಾಲಿಕುರ್ಚಿಗಳು ಎರವಲಾಗಿ ಸಿಗುವ ಕಡೆಗಳೂ ಇವೆ. ಇನ್ನೊಂದು ಯೋಜನೆ "ಆಶ್ವಾಸಕಿರಣಂ". ಅದರ ಹಣ ಹಾಸಿಗೆ ಹಿಡಿದ ರೋಗಿಗಲ್ಲ, ರೋಗಿಯನ್ನು ಬಿಟ್ಟು ದುಡಿಯಲು ಹೋಗಲಾರದ ಮನೆಯವರಿಗೆ. ಹಲವು ವರ್ಷ ಅದು ತಿಂಗಳಿಗೆ 600 ರೂಪಾಯಿಯಾಗಿತ್ತು. ಮೊತ್ತ ಸಣ್ಣದು, ಒಂದು ವಾರದ ಔಷಧಿಗೂ ಸಾಲದು. ಆದರೂ ನೋಡಿಕೊಳ್ಳುವವಳು ಒಬ್ಬಳಿದ್ದಾಳೆ ಎಂದು ಸರಕಾರದ ಕಡತ ಒಪ್ಪಿಕೊಂಡಿತಲ್ಲ, ಎಷ್ಟೋ ಮನೆಗಳು ಅಷ್ಟನ್ನೂ ಒಪ್ಪಿಲ್ಲ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕಾದಿದೆ, ಗಡಿನಾಡಿನ ಮಕ್ಕಳಿಗಷ್ಟೇ ಒದಗುವ ಕೆಲಸ. ಬರುವ ನರ್ಸಮ್ಮ ಹೆಚ್ಚಾಗಿ ಮಲಯಾಳಿ. ಅಜ್ಜಿಗೆ ತುಳುವೋ ಕನ್ನಡವೋ ಮರಾಠಿಯೋ ಬಿಟ್ಟರೆ ಬೇರೆ ತಿಳಿಯದು. ನೋವು ಉರಿಯುವಂಥದೋ, ಸೆಳೆಯುವಂಥದೋ, ಕುತ್ತುವಂಥದೋ ಎಂಬುದರ ಮೇಲೆ ಔಷಧಿ ಬದಲಾಗುತ್ತದೆ. ಅಜ್ಜಿ ಹೇಳಿದ ಮಾತನ್ನು ಹಾಗೆಯೇ ಮಲಯಾಳದಲ್ಲಿ ದಾಟಿಸಬಲ್ಲವರು ಮನೆಯಲ್ಲಿ ಎರಡೂ ಭಾಷೆ ಬಲ್ಲ ನೀವೇ. ಕಚೇರಿಯ ಅರ್ಜಿಗಳು ಮಲಯಾಳದಲ್ಲಿ ಬಂದು ಕಪಾಟಿನಲ್ಲಿ ಹಾಗೆಯೇ ಉಳಿಯುತ್ತವೆ. ಅಂಗನವಾಡಿಯಲ್ಲಿ ಆಶ್ವಾಸಕಿರಣಂ ಅರ್ಜಿಯ ಬಗ್ಗೆ ವಿಚಾರಿಸಿ, ಅದನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ, ವೈದ್ಯರ ಸರ್ಟಿಫಿಕೇಟಿನೊಡನೆ ತುಂಬಿಸಿ ಕೊಡಲು ಒಂದು ಸಂಜೆ ಸಾಕು. ಅರ್ಜಿಯಲ್ಲಿ ನೋಡಿಕೊಳ್ಳುವವರ ಹೆಸರು ಕೇಳಿದ ಕಡೆ, ಮನೆಯ ಯಜಮಾನನ ಹೆಸರನ್ನಲ್ಲ, ನಿಜವಾಗಿ ನೋಡಿಕೊಳ್ಳುತ್ತಿರುವವರ ಹೆಸರನ್ನೇ ಬರೆಯಿರಿ.